ಬಿಸಿನೀರಿನ ಫತ್ವಾ

ನನ್ನ ಡಿಗ್ರಿ ಸರ್ಟಿಫಿಕೇಟಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಸರ್ಕಾರಿ ಇಸ್ಲಾಮಿಕ್ ವಿಶ್ವವಿದ್ಯಾಲಯ’ ಎಂದಿದೆ. ಅದರ ಕೆಳಗೆ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವಷ್ಟು ಸಣ್ಣದಾಗಿ, ಸೂಕ್ಷ್ಮಜೀವಿಶಾಸ್ತ್ರ ಎಂದಿದೆ. ಕನ್ನಡಕ ಹಾಕಿಕೊಂಡು ಓದುವ ತಾಳ್ಮೆ ಇರುವವರನ್ನು ನಾನು ಇನ್ನೂ ಕಂಡಿಲ್ಲ. ಹಾಗಾಗಿ ಐರ್ಲೆಂಡಿಗೆ ಬಂದ ಮೇಲೆ ನಾನು ಅರ್ಧ ಜನರ ಪಾಲಿಗೆ ಅನುಮಾನದ ಗಿರಾಕಿ, ಇನ್ನರ್ಧ ಜನರ ಪಾಲಿಗೆ ಧರ್ಮಪಂಡಿತೆ. ಹಾಲಿನಲ್ಲಿ ಬ್ಯಾಕ್ಟೀರಿಯಾ ಹುಡುಕುವವಳು ನಾನು ಎಂದರೆ ಎರಡೂ ಕಡೆಯವರಿಗೆ ನಿರಾಸೆ.

ನಾನು ಓದಿದ್ದು ಇಂಡೋನೇಷ್ಯಾದಲ್ಲಿ. ಅಲ್ಲಿ ದೊಡ್ಡ ಊರುಗಳಲ್ಲೆಲ್ಲ ಇಂಥ ವಿಶ್ವವಿದ್ಯಾಲಯಗಳಿವೆ. ನಡೆಸುವುದು ಸರ್ಕಾರ, ಸಂಬಳ ಕೊಡುವುದು ಸರ್ಕಾರ. ನಮ್ಮ ಕ್ಯಾಂಪಸ್ಸಿನಲ್ಲಿ ಒಂದು ಕಟ್ಟಡದಲ್ಲಿ ಧರ್ಮಶಾಸ್ತ್ರ, ಎದುರು ಕಟ್ಟಡದಲ್ಲಿ ವಿಜ್ಞಾನ, ಎರಡರ ನಡುವೆ ಕ್ಯಾಂಟೀನು. ಗೇಟಿನ ಮೇಲೆ ‘ಜ್ಞಾನಗಳ ಸಂಗಮ’ ಎಂಬರ್ಥದ ಘೋಷಣೆ ಇತ್ತು. ನಾನು ಕಂಡ ಸಂಗಮ ಆ ಕ್ಯಾಂಟೀನಿನದು, ಎರಡೂ ಕಡೆಯ ಮೇಷ್ಟ್ರುಗಳು ಅಲ್ಲಿ ಒಂದೇ ಬಾಣಲೆಯ ಕರಿದ ತಿಂಡಿಗೆ ಕೈಚಾಚುತ್ತಿದ್ದರು. ಸೂಕ್ಷ್ಮಜೀವಿಗಳ ಪಾಠ ಶುರುವಾಗುವುದಕ್ಕೆ ಮುಂಚೆ ಪರದೆಯ ಮೇಲೆ ಕುರಾನಿನ ಒಂದು ಆಯತ್ ಬರುತ್ತಿತ್ತು, ಮುಂದಿನ ಸ್ಲೈಡಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ. ನಡುವೆ ಏನು ಸಂಬಂಧ ಎಂದು ಯಾರೂ ಕೇಳುತ್ತಿರಲಿಲ್ಲ, ಮೇಷ್ಟ್ರಿಗೂ ಸಿಲಬಸ್ ಮುಗಿಸುವ ಅವಸರ.

ನಗಬೇಡಿ. ಆ ಒಂದು ಪದ ಮಾಡಿದ ಕೆಲಸ ಸಣ್ಣದಲ್ಲ. ನನ್ನ ರೂಮ್‌ಮೇಟ್ ಭತ್ತ ಬೆಳೆಯುವವರ ಮಗಳು. ಬೇರೆ ಯಾವ ಕಾಲೇಜಿಗೂ ಕಳಿಸದ ಅವಳ ಅಪ್ಪ, ಹೆಸರಿನಲ್ಲಿ ಇಸ್ಲಾಮಿಕ್ ಅಂತ ಇದ್ದ ಮಾತ್ರಕ್ಕೆ ಮಗಳ ಟ್ರಂಕು ಹೊತ್ತು ಬಸ್ಸು ಹತ್ತಿಸಿದ್ದರು. ಅವಳು ಅಲ್ಲಿಗೆ ಬಂದು ಓದಿದ್ದು ಸಾವಯವ ರಸಾಯನಶಾಸ್ತ್ರ. ನನ್ನ ಕಥೆಯೂ ಅದೇ. ಅಪ್ಪ ತುಮಕೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ವಿದೇಶಿ ಮಕ್ಕಳಿಗೆ ಅಲ್ಲಿನ ಸರ್ಕಾರ ಸ್ಕಾಲರ್‌ಶಿಪ್ ಕೊಡುತ್ತದೆಂದು ತಿಳಿದಾಗ ಅಜ್ಜಿ ಎದೆ ಬಡಿದುಕೊಂಡಿದ್ದಳು, “ವಯಸ್ಸಿಗೆ ಬಂದ ಹುಡುಗೀನ ಸಮುದ್ರ ದಾಟಿಸ್ತೀಯೇನೋ!” ಎಂದು. ಅಪ್ಪ ತಣ್ಣಗೆ, “ಇಸ್ಲಾಮಿಕ್ ಯೂನಿವರ್ಸಿಟಿ ಅಮ್ಮ” ಎಂದರು. ಅಜ್ಜಿ ಆ ಸಂಜೆಯೇ ನನ್ನ ಚೀಲಕ್ಕೆ ಉಪ್ಪಿನಕಾಯಿ ಕಟ್ಟತೊಡಗಿದಳು. ಅವಳು ತೀರಿಕೊಳ್ಳುವ ತನಕ ಮೊಮ್ಮಗಳು ಆಲಿಮಾ, ಅಂದರೆ ಧರ್ಮಪಂಡಿತೆ, ಆಗಿದ್ದಾಳೆ ಎಂದೇ ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು. ಅಪ್ಪ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.

ಆದರೆ ಹೆಸರಿಗೆ ತಕ್ಕ ಹಾಗೆ ಒಂದು ಕಾಟವೂ ಇತ್ತು. ರಸಾಯನಶಾಸ್ತ್ರವಾಗಲಿ ಅರ್ಥಶಾಸ್ತ್ರವಾಗಲಿ, ಏನೇ ಓದಿದರೂ ಸರಿ, ಡಿಗ್ರಿ ಕೈಗೆ ಬರಬೇಕಾದರೆ ಧರ್ಮಾಚರಣೆಯ ಪ್ರಾಕ್ಟಿಕಲ್ ಪರೀಕ್ಷೆ ಪಾಸಾಗಬೇಕು. ನಮಾಜು, ಕುರಾನ್ ಓದು, ಎಲ್ಲ ಆದ ಮೇಲೆ ಕಡೆಗೆ ಹೆಣ ತೊಳೆಯುವುದು. ಹೌದು, ಮೃತದೇಹಕ್ಕೆ ಸ್ನಾನ ಮಾಡಿಸಿ ಕಫನ್ನಿನ ಬಿಳಿ ಬಟ್ಟೆ ತೊಡಿಸುವುದು. ನಮಗೆ ಕೊಟ್ಟ ಹೆಣ ಬಟ್ಟೆ ಅಂಗಡಿಯಿಂದ ತಂದ ಒಂದು ಪ್ಲಾಸ್ಟಿಕ್ ಗೊಂಬೆ. ತಲೆ ಬೋಳು, ಒಂದು ಕೈ ಇಲ್ಲ, ಮುಖದಲ್ಲಿ ಸೀರೆ ಮಾರುವ ನಗು. ಹೆಂಗಸಿನ ಕೂದಲು ತೊಳೆದು ಮೂರು ಜಡೆ ಹೆಣೆಯಬೇಕೆಂಬ ನಿಯಮವನ್ನು ನಾವು ಗಾಳಿಯಲ್ಲೇ ಹೆಣೆದು ತೋರಿಸಿದೆವು. ಬಲಗಡೆಯಿಂದ ಶುರು ಮಾಡಿ ಎಂದರೆ ಆ ಪುಣ್ಯಾತ್ಗಿತ್ತಿಗೆ ಬಲಗೈಯೇ ಇರಲಿಲ್ಲ. ನಾವು ನಾಲ್ಕು ಜನ ಹುಡುಗಿಯರು ಕೆನ್ನೆಯ ಒಳಭಾಗ ಕಚ್ಚಿಕೊಂಡು ನಿಂತಿದ್ದೆವು.

ಪರೀಕ್ಷೆ ತೆಗೆದುಕೊಳ್ಳುತ್ತಿದ್ದ ಮೇಡಮ್ ಮಾತ್ರ ಒಮ್ಮೆಯೂ ನಗಲಿಲ್ಲ. ಮುಚ್ಚಿಕೊಂಡೇ ತೊಳೆಯಿರಿ, ಎಂದೂ ಪೂರ್ತಿ ಬತ್ತಲೆ ಮಾಡಬೇಡಿ. ಒರಟಾಗಿ ಹೊರಳಿಸಬೇಡಿ. ಅಲ್ಲಿ ಕಂಡದ್ದನ್ನು ಹೊರಗೆ ಬಂದು ಬಾಯಿ ಬಿಡಬೇಡಿ. ಇಷ್ಟು ಹೇಳಿ ನನ್ನತ್ತ ತಿರುಗಿ, “ಯಾವ ನೀರು?” ಎಂದು ಕೇಳಿದರು. “ಬಿಸಿನೀರು” ಎಂದೆ. ಸ್ನಾನ ಎಂದರೆ ಬಿಸಿನೀರು, ತುಮಕೂರಿನಲ್ಲಿ ಬೆಳೆದವಳಿಗೆ ಅದರಲ್ಲಿ ಯೋಚಿಸುವುದೇನಿದೆ? ಮೇಡಮ್ ನನ್ನ ಅಂಕ ಕತ್ತರಿಸಿದರು. ತಣ್ಣೀರೇ ಮೇಲು, ದೇಹ ಗಟ್ಟಿಯಾಗಿ ಉಳಿಯುತ್ತದೆ, ತೀರಾ ಅಗತ್ಯವಿದ್ದರೆ ಮಾತ್ರ ಬೆಚ್ಚಗಿನದು. ಬೆಚ್ಚಗಿದ್ದಲ್ಲಿ ಕೊಳೆಯುವುದು ಬೇಗ, ಸೂಕ್ಷ್ಮಜೀವಿಶಾಸ್ತ್ರದವಳಾಗಿ ಅದು ನನಗೆ ಹೊಳೆಯಬೇಕಿತ್ತು. ಅಂತೂ ಅಂಚಿನಲ್ಲಿ ಪಾಸಾದೆ.

ಇನ್ನು ಐರ್ಲೆಂಡಿನ ಮಾತು. ಡಬ್ಲಿನ್ ಅಂಚಿನ ಕ್ಲಾಂಡಾಲ್ಕಿನ್‌ನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ಒಂದು ಲ್ಯಾಬಿನಲ್ಲಿ ಹಾಲು, ಚೀಸು, ಹಾಲಿನ ಪುಡಿ ಪರೀಕ್ಷೆ ಮಾಡುವ ಕೆಲಸಕ್ಕೆ ಸಂದರ್ಶನವಾಯಿತು. ಎದುರು ಕೂತಾತ ನನ್ನ ಸರ್ಟಿಫಿಕೇಟನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು, ಸರ್ಕಾರಿಯೂ ಹೌದು ಇಸ್ಲಾಮಿಕ್ಕೂ ಹೌದು ಅಂದರೆ ಹೇಗೆ, ಅಲ್ಲಿ ಲ್ಯಾಬು ಗೀಬು ಇತ್ತೇ ಎಂದು ಬಹಳ ನಯವಾಗಿ ಕೇಳಿದ. ಆಮೇಲೆ ತಿಳಿಯಿತು, ಆತ ಹುಟ್ಟಿದ್ದು ಸಂತರೊಬ್ಬರ ಹೆಸರಿನ ಆಸ್ಪತ್ರೆಯಲ್ಲಿ, ಓದಿದ್ದು ಚರ್ಚಿನ ಬ್ರದರ್‌ಗಳು ನಡೆಸುವ ಶಾಲೆಯಲ್ಲಿ, ಅವನ ಮಕ್ಕಳು ಹೋಗುತ್ತಿದ್ದ ಶಾಲೆಯ ಮೇಲೂ ಬಿಷಪ್ಪರ ಹಿಡಿತ, ಸಂಬಳ ಮಾತ್ರ ಸರ್ಕಾರದ್ದು. ಇದನ್ನೆಲ್ಲ ಅವನಿಗೆ ನೆನಪಿಸಬಹುದಿತ್ತು. ಕೆಲಸ ಬೇಕಾಗಿತ್ತು, ಹಲ್ಲು ಕಿರಿದೆ.

ನಮ್ಮವರದು ಇನ್ನೊಂದು ಬಗೆ. ನಾವಿರುವುದು ಆಡಮ್ಸ್‌ಟೌನ್‌ನಲ್ಲಿ. ಒಂದೇ ಅಚ್ಚಿನ ಇಟ್ಟಿಗೆ ಮನೆಗಳು, ಕಿಟಕಿ ತೆರೆದರೆ ಒಗ್ಗರಣೆಯ ವಾಸನೆಯಿಂದಲೇ ಯಾವ ಜಿಲ್ಲೆಯವರು ಎಂದು ಹೇಳಬಹುದು. ಮೈಸೂರಿನ ಎದುರು ಮನೆಯಾತ ನನ್ನನ್ನು ಕಂಡಾಗಲೆಲ್ಲ, “ಮೇಡಮ್, ನಿಮ್ ಕಡೆ ಯೂನಿವರ್ಸಿಟೀಲಿ ಎವಲ್ಯೂಷನ್ ಹೇಳ್ಕೊಡ್ತಾರಾ?” ಎಂದು ಕೆಣಕುತ್ತಿದ್ದ. “ಕೊಡ್ತಾರೆ, ಆದ್ರೆ ಅದು ಎಲ್ಲರ ಮೇಲೂ ಕೆಲಸ ಮಾಡಿಲ್ಲ” ಎಂದು ಒಮ್ಮೆ ಹೇಳಿದ ಮೇಲೆ ಸುಮ್ಮನಾದ. ಬೆಂಗಳೂರಿನ ಮುಸ್ಲಿಂ ಕುಟುಂಬಗಳ ಹೆಂಗಸರಂತೂ ಪಾರ್ಕಿನಲ್ಲಿ, ಬಸ್‌ಸ್ಟಾಪಿನಲ್ಲಿ, ಎಲ್ಲಿ ಸಿಕ್ಕಿದರೂ ತಲೆ ತಿನ್ನುತ್ತಿದ್ದರು. ಜೆಲಟಿನ್ ಹಾಕಿದ ಮಾರ್ಷ್‌ಮ್ಯಾಲೋ ತಿನ್ನಬಹುದಾ? ಉಗುರುಬಣ್ಣ ಹಚ್ಚಿಕೊಂಡು ನಮಾಜಿಗೆ ಕೈಕಾಲು ತೊಳೆದರೆ ವುಜೂ ಆಗುತ್ತದಾ? ಈ ಚೀಸು ಹಲಾಲಾ? ಕಡೆಯದ್ದಕ್ಕೆ ಮಾತ್ರ ನಾನು ಬಾಯಿ ಬಿಟ್ಟೆ. ಹಾಲು ಒಡೆಸುವ ಕಿಣ್ವ ಇತ್ತೀಚೆಗೆ ಕರುವಿನ ಹೊಟ್ಟೆಯಿಂದಲ್ಲ, ಹೆಚ್ಚಾಗಿ ಶಿಲೀಂಧ್ರದಿಂದ ಬರುತ್ತದೆ, ಪ್ಯಾಕೆಟ್ಟು ನೋಡಿಕೊಳ್ಳಿ ಎಂದೆ. ಸಂಜೆಗೆ ವಾಟ್ಸಾಪಿನಲ್ಲಿ ಬಂತು: ಆಲಿಮಾ ಅಕ್ಕ ಹೇಳಿದ್ದಾರೆ, ಚೀಸು ಹಲಾಲ್. ನನ್ನ ಮಗಳು ಅದನ್ನು ಓದಿ, “ಮಮ್ಮಿ, ಯು’ರ್ ಎ ಸ್ಕಾಲರ್ ನೌ, ಗ್ರ್ಯಾಂಡ್ ಸೋ” ಎಂದು ಪಕ್ಕಾ ಡಬ್ಲಿನ್ ರಾಗದಲ್ಲಿ ಹಂಗಿಸಿದಳು.

ಇಂಥ ಹೊತ್ತಿನಲ್ಲಿ ಪಕ್ಕದ ಮನೆಗೆ ಒಬ್ಬರು ಅಜ್ಜಿ ಬಂದರು.

ಪಕ್ಕದ ಮನೆಯ ಹುಡುಗಿ ಬಾಗಲಕೋಟೆ ಕಡೆಯವಳು, ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳ ಹೆರಿಗೆಗೆ ತಾಯಿ ಬಂದರು. ಅವರದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಆ ಕಡೆ ಇಂಥ ಮುಸಲ್ಮಾನರ ಮನೆಮಾತು ಕನ್ನಡ. ಅಜ್ಜಿಗೆ ಉರ್ದು ಎಂದರೆ ಸಲಾಮು, ಖುದಾ ಹಾಫಿಜ್, ಮುಗಿಯಿತು. ಡಬ್ಲಿನ್ ಏರ್‌ಪೋರ್ಟಿನಲ್ಲಿ ಅವರ ಪೆಟ್ಟಿಗೆ ಬಿಚ್ಚಿಸಿದ ಕಸ್ಟಮ್ಸಿನವರಿಗೆ ಬಾಣಂತಿಯ ಅಂಟಿನುಂಡೆ ಸಿಕ್ಕಿತು, ಶುಂಠಿ ಪುಡಿ ಸಿಕ್ಕಿತು, ತಳದಲ್ಲಿ ನೀಟಾಗಿ ಮಡಿಸಿದ ಬಿಳಿ ಬಟ್ಟೆಯೂ ಸಿಕ್ಕಿತು. ಕರ್ಟನ್ನಾ ಎಂದು ಕೇಳಿದರಂತೆ. ಮಗಳು ಹೌದು ಎಂದು ತಲೆಯಾಡಿಸಿದಳಂತೆ. ಅದು ಅಜ್ಜಿಯ ಕಫನ್ ಬಟ್ಟೆ. ಈ ವಯಸ್ಸಿನಲ್ಲಿ ಊರು ಬಿಟ್ಟು ಹೊರಡುವಾಗ ಅದಿಲ್ಲದೆ ಹೊರಡಬಾರದು ಎಂಬುದು ಅವರ ಲೆಕ್ಕ. ಹೆರಿಗೆಗೆ ಹೊರಟರೂ ಅಷ್ಟೇ.

ಬಂದ ವಾರದಲ್ಲೇ ಒಂದು ತಟ್ಟೆ ಅಂಟಿನುಂಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಮ್ಮ ಸೋಫಾ ಒತ್ತಿ ನೋಡಿ, “ಇದರಾಗ ಹತ್ತಿ ಎಲ್ಲೈತ್ರೀ? ಬರೇ ಗಾಳಿ” ಎಂದು ಮೂಗು ಮುರಿದರು. ಕೂತ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಕ್ಕೋರ, ನೀವು ನಮ್ಮ ಮುಸಲ್ಮಾನರ ಯುನಿವರ್ಸಿಟ್ಯಾಗ ಓದೀರಂತ. ಖರೇ ಏನ್ರೀ?” ಎಂದರು. ಅವರ ಕಡೆ ಟೀಚರಮ್ಮಂದಿರನ್ನು ಅಕ್ಕೋರು ಎನ್ನುತ್ತಾರೆ.

“ಓದಿದ್ದೀನಮ್ಮ. ಆದ್ರೆ ನಾನು ಓದಿದ್ದು ಬ್ಯಾಕ್ಟೀರಿಯಾ. ಹುಳ. ಕಣ್ಣಿಗೆ ಕಾಣದ ಹುಳ.”

“ಹುಳಾ ಓದಾಕ ಅಷ್ಟ ದೂರ ಹೋಗಬೇಕೇನ್ರೀ? ಧರ್ಮದ್ದು ಏನೂ ಕಲಿಸಲಿಲ್ಲೇನು?”

ಅಲ್ಲೇ ನಾನು ಎಡವಿದ್ದು. ಅವರನ್ನು ನಗಿಸುವ ಹುಮ್ಮಸ್ಸಿನಲ್ಲಿ ಆ ಬೋಳುತಲೆಯ ಗೊಂಬೆಯ ಕಥೆ ಹೇಳಿದೆ. ಇಲ್ಲದ ಬಲಗೈ, ಗಾಳಿಯ ಮೂರು ಜಡೆ, ಎಲ್ಲವನ್ನೂ ಅಭಿನಯಿಸಿಯೇ ತೋರಿಸಿದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕಡೆಗೆ ಬಿಸಿನೀರು ಎಂದು ಹೇಳಿ ಅಂಕ ಕಳೆದುಕೊಂಡದ್ದನ್ನೂ ಹೇಳಿದೆ.

ಅವರ ನಗು ಅಲ್ಲಿಗೆ ನಿಂತಿತು.

“ನಿಮ್ಮ ಉತ್ತರಾನ ಖರೇ ಐತ್ರೀ ಅಕ್ಕೋರ. ಆ ಮಾಸ್ತರಣಿಗೆ ತಿಳೀಲಿಲ್ಲ” ಎಂದರು. ಆಮೇಲೆ ನಿಧಾನವಾಗಿ ಶುರು ಮಾಡಿದರು. ಮದುವೆಯಾಗಿ ಹೋದಾಗಿನಿಂದ ನಸುಕಿನಲ್ಲಿ ಎದ್ದು ಹಂಡೆಗೆ ನೀರು ತುಂಬಿ ಉರಿ ಹಾಕುವುದು ಅವರ ಪಾಲಿನ ಕೆಲಸ. ಮಾವ, ಗಂಡ, ಮೈದುನಂದಿರು, ಮಕ್ಕಳು, ಒಬ್ಬೊಬ್ಬರದೂ ಜಳಕ ಆಗಬೇಕು. ತುಂಬಿದ ಮನೆ. “ಎಲ್ಲಾರದೂ ಮುಗದು ನನ್ನ ಪಾಳಿ ಬರೂದ್ರಾಗ ಉರಿ ಆರಿರ್ತಿತ್ತು, ನೀರೂ ಆರಿರ್ತಿತ್ತು. ಮತ್ತ ಕಟಗಿ ಹಾಕಿದ್ರ ಅತ್ತಿ ಬೈತಿದ್ರು. ತಣ್ಣೀರ ಹೊಯ್ಕೊಂಡು ಹೊಯ್ಕೊಂಡು ಎಲುವೆಲ್ಲಾ ತಣ್ಣಗಾಗ್ಯಾವು ನೋಡ್ರಿ.” ಐರ್ಲೆಂಡಿನಲ್ಲಿ ಅವರಿಗೆ ಮೆಚ್ಚಿಗೆಯಾದದ್ದು ಒಂದೇ ಒಂದು, ಮಗಳ ಮನೆಯ ಶವರ್. “ಗ್ವಾಡಿಯಾಗಿಂದ ಬಿಸಿನೀರ ಬರತೈತ್ರೀ! ಯಾರೂ ಉರಿ ಹಾಕೂದ ಬ್ಯಾಡ!” ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡರು. “ನಾ ಇಲ್ಲೇ ಹೋದ್ರ ನನ್ನ ಜಳಕ ನೀವ ಮಾಡಸ್ರಿ. ಬಿಸಿನೀರ ಹಾಕ್ರಿ.” ನಾನು, “ಅಯ್ಯೋ ಬಿಡೀಮ್ಮಾ, ಹೆರಿಗೆಗೆ ಬಂದವರು ಎಂಥ ಮಾತಾಡ್ತೀರಾ” ಎಂದು ನಕ್ಕು ಬಾಗಿಲು ಹಾಕಿದೆ.

ಮೊಮ್ಮಗು ಬೋರಲು ಬೀಳುವ ಹೊತ್ತಿಗೆ ಅಜ್ಜಿ ಮಲಗಿದರು. ರಕ್ತದ ಕಾಯಿಲೆ, ವಿಮಾನ ಹತ್ತಿಸುವ ಹಾಗಿಲ್ಲ ಎಂದುಬಿಟ್ಟರು ಡಾಕ್ಟರು. ಈಗ ಆ ನಗೆಯ ಮಾತು ನನ್ನ ಕೊರಳಿಗೆ ಬಿತ್ತು. ಹೋದಾಗಲೆಲ್ಲ ಅದೇ ಕೇಳುತ್ತಿದ್ದರು, “ಬಿಸಿನೀರಿಂದು ನೆನಪೈತಿಲ್ರೀ?” ನಾನು ತಪ್ಪಿಸಿಕೊಳ್ಳಲು ಮಾಡದ ಉಪಾಯವಿಲ್ಲ. ನನಗೆ ಹೆಣ ಎಂದರೆ ಭಯ. ಜೀವಂತ ಬ್ಯಾಕ್ಟೀರಿಯಾ ಎಷ್ಟು ಬೇಕಾದರೂ ಕೊಡಿ, ಸತ್ತ ಮನುಷ್ಯರ ಹತ್ತಿರ ನಾನು ಹೋಗಲಾರೆ. ಅಪ್ಪ ತೀರಿಕೊಂಡಾಗಲೂ ದೂರ ನಿಂತವಳು ನಾನು. ಇದನ್ನು ಹೇಳಿದರೆ ಅಜ್ಜಿ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅಂಚಿನಲ್ಲಿ ಪಾಸಾದವಳು ನಾನು, ನನ್ನನ್ನು ನಂಬಬೇಡಿ ಎಂದೆ. “ಪಾಸ್ ಆಗೀರಿಲ್ಲೋ?” ಎಂದರು.

ಕಡೆಗೆ ಒಂದು ಸಜ್ಜನರ ದಾರಿ ಹಿಡಿದೆ. ಕ್ಲಾಂಡಾಲ್ಕಿನ್‌ನಲ್ಲಿ ಟೈರ್ ಅಂಗಡಿಗೂ ಟೈಲ್ಸ್ ಗೋದಾಮಿಗೂ ನಡುವೆ ನಮ್ಮವರದೊಂದು ಪ್ರಾರ್ಥನಾಮಂದಿರವಿದೆ. ಹಿಂಭಾಗದಲ್ಲಿ ಮಯ್ಯತ್, ಅಂದರೆ ಹೆಣ, ತೊಳೆಯುವ ಕೋಣೆ. ಹೆಂಗಸರ ಮಯ್ಯತ್ ಆದರೆ ಮಹಿಳಾ ಸಮಿತಿಯವರು ಬಂದು ಒಂದು ಕಾಸು ಮುಟ್ಟದೆ ಎಲ್ಲ ಮಾಡಿಕೊಡುತ್ತಾರೆ. ಅದರ ಹಿರಿಯಾಕೆಯನ್ನು ಎಲ್ಲರೂ ಆಪಾ ಎನ್ನುತ್ತಾರೆ. ಒಳ್ಳೆಯ ಹೆಂಗಸು, ಎಷ್ಟೋ ಪರದೇಶಿ ಹೆಣಗಳಿಗೆ ತಾಯಾದವರು. ಅವರನ್ನು ಕರೆದುಕೊಂಡು ಹೋಗಿ ಅಜ್ಜಿಯ ಮಂಚದ ಪಕ್ಕ ಕೂರಿಸಿದೆ. ಆಪಾ ಉರ್ದುವಿನಲ್ಲಿ ಸಮಾಧಾನ ಹೇಳಿದರು. ಅಜ್ಜಿ ಹ್ಞೂಂ ಎಂದರು. ಅರ್ಥವಾಗಿಲ್ಲವೆಂದು ತಿಳಿದು ಆಪಾ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು. ಅಜ್ಜಿ ಇನ್ನೂ ಗಟ್ಟಿಯಾಗಿ ಹ್ಞೂಂ ಎಂದರು. ಕೋಣೆ ತುಂಬ ಸದ್ದೋ ಸದ್ದು.

ಆಪಾ ಹೋದ ಮೇಲೆ ಅಜ್ಜಿ ಗೋಡೆಯ ಕಡೆ ಹೊರಳಿದರು. “ಬಂದಾಗಿಂದ ಎಲ್ಲಾರಿಗೂ ಹ್ಞೂಂ ಹ್ಞೂಂ ಅನಕೋತ ಬಂದೀನಿ. ಡಾಕ್ಟರಗೂ ಹ್ಞೂಂ, ನರ್ಸಗೂ ಹ್ಞೂಂ. ಸತ್ತ ಮ್ಯಾಲೂ ಹ್ಞೂಂ ಅನಕೋತ ಮಲಗಬೇಕೇನ್ರೀ ಅಕ್ಕೋರ?”

ಕಣ್ಣು ತುಂಬಿ ಬಂತು, ಸಿಟ್ಟೂ ಬಂತು. ಇಡೀ ಡಬ್ಲಿನ್ನಿನಲ್ಲಿ ಇವರಿಗೆ ನಾನೇ ಸಿಕ್ಕಬೇಕಿತ್ತೇ? ಆದರೆ ಬಾಯಿ ಅದರಷ್ಟಕ್ಕೆ ಅದು, “ಆಯ್ತಮ್ಮ. ನಾನೇ ಮಾಡಿಸ್ತೀನಿ. ಬಿಸಿನೀರೇ” ಎಂದುಬಿಟ್ಟಿತು.

ಫೆಬ್ರವರಿಯ ಒಂದು ಬೆಳಿಗ್ಗೆ ಲ್ಯಾಬಿನಲ್ಲಿದ್ದಾಗ ಅಜ್ಜಿಯ ಮಗಳ ಫೋನು ಬಂತು. ಅವಳಿಗೆ ಅಳಲೂ ಆಗುತ್ತಿರಲಿಲ್ಲ. “ಅಕ್ಕ, ಅವ್ವ ಹೋದ್ಲು” ಎಂದಳು. ಮ್ಯಾನೇಜರಿಗೆ ಹೇಳಿದೆ. ಹಾಲು ಒಡೆಯಲಿ, ಕಾರ್ಖಾನೆ ನಿಲ್ಲಲಿ, ಸಾವು ಎಂದರೆ ಈ ದೇಶದಲ್ಲಿ ಎಲ್ಲ ಬಾಗಿಲೂ ತೆರೆಯುತ್ತದೆ. ಸಂಬಂಧ ಏನು ಎಂದು ಕೂಡ ಕೇಳದೆ, “ಹೋಗು ಹೋಗು, ಯು’ರ್ ಗ್ರ್ಯಾಂಡ್” ಎಂದು ನನ್ನ ಕೋಟು ತಂದುಕೊಟ್ಟ. ಅದೇ ಸಂದರ್ಶನ ಮಾಡಿದ್ದ ಪುಣ್ಯಾತ್ಮ. ಆಡಮ್ಸ್‌ಟೌನ್‌ನಲ್ಲಿ ನೆರೆಯ ಐರಿಷ್ ಹೆಂಗಸರು ಆಗಲೇ ತಟ್ಟೆ ತಟ್ಟೆ ಸ್ಯಾಂಡ್‌ವಿಚ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹ್ಯಾಮ್ ಇಲ್ಲ, ಬರೀ ಮೊಟ್ಟೆ, ವಿಚಾರಿಸಿಯೇ ಮಾಡಿದ್ದೇವೆ ಎಂದರು.

ತೊಳೆಯುವ ಕೋಣೆಗೆ ಹೋದಾಗ ಆಪಾ, ಅವರ ಜೊತೆಗೆ ಇನ್ನೊಬ್ಬಾಕೆ ಸಿದ್ಧವಾಗಿ ನಿಂತಿದ್ದರು. ಬಿಳಿ ಟೈಲ್ಸ್, ಸ್ಟೀಲಿನ ಮೇಜು, ಮೇಲಿನಿಂದ ಇಳಿಬಿಟ್ಟ ನಲ್ಲಿ ಪೈಪು, ಪಕ್ಕದಲ್ಲಿ ಬಕೆಟ್ಟು, ತಂಬಿಗೆ. ಒಂದು ಕ್ಷಣ ನನ್ನ ಲ್ಯಾಬಿಗೇ ಬಂದಂತಾಯಿತು. ಮೇಜಿನ ಮೇಲೆ ಚಾದರ ಹೊದ್ದು ಅಜ್ಜಿ ಮಲಗಿದ್ದರು. ನಾನು ಬಾಗಿಲ ಹತ್ತಿರವೇ ನಿಂತುಬಿಟ್ಟೆ. ಮಗಳು ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾನು ಅವಳಿಗೆ ಧೈರ್ಯ ಎಂದು ಅವಳು ತಿಳಿದಿದ್ದಳು. ಕೈತೊಳೆದು ಗ್ಲೋವ್ಸ್ ಹಾಕಿಕೊಂಡೆ, ಅದೊಂದು ಕೆಲಸ ನನಗೆ ಕಣ್ಣುಮುಚ್ಚಿ ಬರುತ್ತದೆ. ನಲ್ಲಿ ತಿರುಗಿಸಿ ಮಣಿಕಟ್ಟಿನ ಮೇಲೆ ನೀರು ಬಿಟ್ಟುಕೊಂಡೆ.

ಮಂಜುಗಡ್ಡೆ.

ಇನ್ನೊಂದು ಕಡೆ ತಿರುಗಿಸಿದೆ. ಅದೂ ಮಂಜುಗಡ್ಡೆ. ಇಮ್ಮರ್ಷನ್ ಹಾಕಿರಲಿಲ್ಲ. ಅದು ಇಲ್ಲಿ ಮನೆಮನೆಯಲ್ಲೂ ಇರುವ ಬಿಸಿನೀರಿನ ಟ್ಯಾಂಕು; ಅದರ ಸ್ವಿಚ್ಚು ಆರಿಸಲು ಮರೆತವರನ್ನು ಈ ದೇಶದ ತಾಯಂದಿರು ಕೊಲೆಗಾರರಂತೆ ನೋಡುತ್ತಾರೆ. ಆ ಬುದ್ಧಿ ನಮ್ಮವರಿಗೂ ಅಂಟಿಕೊಂಡು, ಕೆಲಸ ಮುಗಿದೊಡನೆ ಯಾರೋ ಆರಿಸಿದ್ದರು. ಹಾಕಿದರೆ ಟ್ಯಾಂಕು ಬಿಸಿಯಾಗಲು ಬಹಳ ಹೊತ್ತು ಬೇಕು. ಹೊರಗೆ ಮಧ್ಯಾಹ್ನದ ನಮಾಜಿಗೆ ಜನ ಸೇರತೊಡಗಿದ್ದರು. ಅದಾದ ಕೂಡಲೇ ಸತ್ತವರಿಗಾಗಿ ಮಾಡುವ ಜನಾಜಾ ನಮಾಜು, ಆಮೇಲೆ ಹೆಣದ ವ್ಯಾನು, ಹಳ್ಳ ತೋಡಿದವರು ಸ್ಮಶಾನದಲ್ಲಿ ಕಾಯುತ್ತಿದ್ದಾರೆ.

“ಪರವಾಗಿಲ್ಲ ಮಗಳೇ, ತಣ್ಣೀರು ಜಾಯಿಜ್ ಇದೆ, ಧರ್ಮ ಒಪ್ಪುತ್ತದೆ” ಎಂದರು ಆಪಾ ಉರ್ದುವಿನಲ್ಲಿ. “ಹೊತ್ತು ಮೀರುತ್ತಿದೆ, ಶುರು ಮಾಡೋಣ.”

ಅವರು ಹೇಳಿದ್ದು ಸರಿ. ಅಪ್ಪಟ ಸರಿ. ನನ್ನ ಪರೀಕ್ಷೆಯ ಮೇಡಮ್ ಇದ್ದಿದ್ದರೆ ಅವರಿಗೆ ಪೂರ್ತಿ ಅಂಕ ಕೊಡುತ್ತಿದ್ದರು. ಮಗಳು ನನ್ನ ಮುಖ ನೋಡಿದಳು. ಮೇಜಿನ ಮೇಲೆ ಮಲಗಿದ್ದವರಂತೂ ಏನೂ ಹೇಳುವಂತಿರಲಿಲ್ಲ. ಹ್ಞೂಂ ಎನ್ನುವ ಹಾಗೂ ಇರಲಿಲ್ಲ. ಇಲ್ಲೂ ಎಲ್ಲರ ಅವಸರ ಮೊದಲು, ಅವರ ಪಾಳಿ ಕಡೆಗೆ, ನೀರು ತಣ್ಣಗೆ.

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

“ಇಲ್ಲ ಆಪಾ. ಬಿಸಿನೀರು ಬೇಕೇ ಬೇಕು. ಕಡ್ಡಾಯ.”

“ಕಡ್ಡಾಯವೇ? ನಾನು ಎಲ್ಲೂ ಕೇಳಿಲ್ಲವಲ್ಲ.”

“ನಮ್ಮ ಯೂನಿವರ್ಸಿಟಿಯಲ್ಲಿ ಇದರ ಮೇಲೆ ಪರೀಕ್ಷೆಯೇ ಇತ್ತು” ಎಂದೆ. ಅಕ್ಷರಶಃ ನಿಜ. ಪರೀಕ್ಷೆ ಇತ್ತು. ನನ್ನ ಉತ್ತರ ಏನಾಯಿತು ಎಂದು ಆಪಾ ಕೇಳಲಿಲ್ಲ.

ಆಪಾ ಫೋನು ತೆಗೆದು ಗಂಡಸರ ಕಡೆಯ ಸಮಿತಿಯವರಿಗೆ ಮಾಡಿದರು. ಆ ಕಡೆಯಿಂದ ಆಕ್ಷೇಪದ ದನಿ ನನಗೂ ಕೇಳುತ್ತಿತ್ತು. ಯಾರು ಹೇಳಿದ್ದು? ಆ ಆಲಿಮಾ. ಎಲ್ಲಿ ಓದಿದವಳು? “ಇಸ್ಲಾಮಿಕ್ ಯೂನಿವರ್ಸಿಟಿ,” ಎಂದ ಆಪಾ, ನನ್ನತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಸೇರಿಸಿದರು, “ಸರ್ಕಾರಿ.”

ಆ ಕಡೆಯ ಆಕ್ಷೇಪ ಅಲ್ಲಿಗೆ ಮುಗಿಯಿತು. ಇಸ್ಲಾಮಿಕ್ ಎನ್ನುವುದನ್ನು ಪ್ರಶ್ನಿಸುವವರು ಇದ್ದಾರು. ಸರ್ಕಾರಿ ಎನ್ನುವುದನ್ನು ಪ್ರಶ್ನಿಸುವ ಎದೆಗಾರಿಕೆ ನಮ್ಮ ಉಪಖಂಡದಲ್ಲಿ ಹುಟ್ಟಿದ ಯಾರಿಗೂ ಇಲ್ಲ. ಜನಾಜಾ ಸಂಜೆಗೆ ಮುಂಚಿನ ನಮಾಜಿಗೆ ಮುಂದಕ್ಕೆ ಹೋಯಿತು. ಇಮ್ಮರ್ಷನ್ನಿನ ಕೆಂಪು ದೀಪ ಹತ್ತಿತು.

ನಾವು ನಾಲ್ಕು ಜನ ಹೆಂಗಸರು ಗೋಡೆಗೆ ಒರಗಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಕಾದೆವು. ಹೊರಗೆ ಟೈರ್ ಅಂಗಡಿಯ ಗಾಳಿ ಪಂಪು ಬುಸುಗುಟ್ಟುತ್ತಿತ್ತು. ಕಾರ್ ಪಾರ್ಕಿನಲ್ಲಿ ಗಂಡಸರು ಕೈ ಉಜ್ಜಿಕೊಳ್ಳುತ್ತ ಅತ್ತಿಂದಿತ್ತ ಓಡಾಡುತ್ತಿರುವುದು ಮಸುಕು ಗಾಜಿನಲ್ಲಿ ಕಾಣುತ್ತಿತ್ತು. ವ್ಯಾನಿನ ಐರಿಷ್ ಡ್ರೈವರು ಒಮ್ಮೆ ಬಾಗಿಲ ಹೊರಗಿಂದಲೇ ಕೇಳಿದ, ಏನಾದರೂ ತೊಂದರೆಯಾ ಎಂದು. ನೀರು ಕಾಯುತ್ತಿದೆ ಎಂದೆ. “ಆಹ್, ದಿ ಇಮ್ಮರ್ಷನ್” ಎಂದು ನಿಟ್ಟುಸಿರು ಬಿಟ್ಟ. ಅವನಿಗೆ ಫತ್ವಾ ಬೇಕಾಗಲಿಲ್ಲ. ಆ ಕಟ್ಟಡದ ಸುತ್ತ ಅಂದು ನನ್ನ ಮಾತು ಪೂರ್ತಿ ಅರ್ಥವಾದದ್ದು ಅವನೊಬ್ಬನಿಗೇ ಇರಬೇಕು.

ಭಯವಾಗುತ್ತಿತ್ತು. ಹೆಣದ ಭಯವಲ್ಲ, ಅದು ಆ ಕಾಯುವ ಹೊತ್ತಿನಲ್ಲಿ ಎಲ್ಲೋ ಇಳಿದುಹೋಗಿತ್ತು. ನಾನು ಧರ್ಮದ ಹೆಸರಿನಲ್ಲಿ, ಅದೂ ಒಂದು ಸರ್ಕಾರದ ಹೆಸರನ್ನೂ ಸೇರಿಸಿ, ಹಸೀ ಸುಳ್ಳು ಹೇಳಿದ್ದೆ. ಇಷ್ಟು ವರ್ಷ ನಾನು ಆಲಿಮಾ ಅಲ್ಲ, ಅಲ್ಲ ಎಂದು ಬಾಯಿ ನೋಯಿಸಿಕೊಂಡವಳು, ಕಡೆಗೆ ಕೊಟ್ಟದ್ದು ಒಂದೇ ಫತ್ವಾ, ಅದೂ ತಪ್ಪು. ಮೇಲೆ ಹೋದಾಗ ಕೇಳಿದರೆ ಹೇಳೋಣ ಎಂದುಕೊಂಡೆ. ಅಷ್ಟು ಹೊತ್ತಿಗೆ ಅಜ್ಜಿಯೂ ಅಲ್ಲೇ ಇರುತ್ತಾರೆ, ನನ್ನ ಪರ ನಾಲ್ಕು ಮಾತಾಡಿಯಾರು. ಅಲ್ಲಿಯಾದರೂ ಕನ್ನಡ ನಡೆಯುತ್ತದೆಂದು ನಂಬಿದ್ದೇನೆ.

ಕೈಯಿಟ್ಟು ನೋಡಿದೆ. ಟ್ಯಾಂಕು ಕಾದಿತ್ತು. ಮಣಿಕಟ್ಟಿನ ಮೇಲೆ ನೀರು ಬಿಟ್ಟುಕೊಂಡು, ಎಳೆಗೂಸಿಗೆ ನೋಡುವ ಹಾಗೆ ಹದ ನೋಡಿದೆ. ಮಗಳನ್ನು ಕರೆದು ಅವಳ ಕೈಯಲ್ಲೂ ನೋಡಿಸಿದೆ. ಅವಳು ಆಗ ಅತ್ತಳು, ಬೆಳಗಿನಿಂದ ಅಳದೆ ಇದ್ದವಳು, ಆ ಬಿಸಿನೀರಿನಲ್ಲಿ ಕೈಯಿಟ್ಟುಕೊಂಡು ಗಟ್ಟಿಯಾಗಿ ಅತ್ತಳು. ಆಪಾ ಅವಳ ಬೆನ್ನು ಸವರಿದರು. ಅವರಿಗೆ ನನ್ನ ಫತ್ವಾದ ಬಣ್ಣ ಗೊತ್ತಾಗಿತ್ತೋ ಏನೋ ನನಗೆ ಇವತ್ತಿಗೂ ತಿಳಿಯದು. “ನಡೆ ಆಲಿಮಾ, ನೀನು ಹೇಳಿದ ಹಾಗೆ” ಎಂದಷ್ಟೇ ಹೇಳಿ ಚಾದರದ ಒಂದು ಅಂಚು ಹಿಡಿದು ನಿಂತರು.

ಆಮೇಲಿನದನ್ನು ನಾನು ಹೇಳುವಂತಿಲ್ಲ. ಅಲ್ಲಿ ಕಂಡದ್ದನ್ನು ಹೊರಗೆ ಬಾಯಿ ಬಿಡಬಾರದು ಎಂದು ನಮಗೆ ಕಲಿಸಿದ್ದರು. ಬಾಯಿಬಡುಕಿ ನಾನು, ಸಿಕ್ಕಿದ್ದನ್ನೆಲ್ಲ ಊರಿಗೆ ಹಂಚುವವಳು, ನನ್ನ ಮನೆಯವರಿಗೂ ಅದನ್ನು ಹೇಳಿಲ್ಲ. ಕಂಡದ್ದು ಹೇಳಬಾರದು, ಆದರೆ ಆಡಿದ ಮಾತು ಹೇಳಬಾರದು ಎಂದು ಯಾರೂ ಕಲಿಸಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ತುಮಕೂರಿನ ಕನ್ನಡ ಎಲ್ಲಿ ಹೋಯಿತೋ, ಅವರದೇ ಮಾತು ನನ್ನ ಬಾಯಿಗೆ ಬಂತು. ಮೊದಲ ತಂಬಿಗೆ ಎತ್ತಿ, ಬಲಗಡೆಯಿಂದ ಶುರು ಮಾಡುವ ಮುನ್ನ, ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ:

“ಯವ್ವಾ, ನೀರ ಬಿಸಿ ಐತ್ರೀ. ಇನ್ನೂ ಯಾರೂ ಹೊಯ್ಕೊಂಡಿಲ್ಲ. ಮೊದಲನೇ ಪಾಳಿ ನಿಮ್ದ.”